ಸರ್ ಕಥೆಯನ್ನೇ ಕಾಮಿಡಿ ಮಾಡಿದ್ದೇವೆ, ಅವರಿಗಿನ್ನೂ ಗೊತ್ತಿಲ್ಲ

ಪ್ರಶ್ನೆ: ನನಗೆ 27 ವರ್ಷ. ನಾಲ್ಕು ವರ್ಷದಿಂದ ಒಂದು ಕಾಮಿಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮೂವರು ಗೆಳೆಯರ ಜೊತೆ ಸೇರಿ ಆ ಅಂಗಡಿ ಕೆಲಸದ ಮೇಲೇ ಒಂದು ಕಾಮಿಡಿ ವೆಬ್ ಸಿರೀಸ್ ಮಾಡುತ್ತಿದ್ದೇವೆ. ಎಂಟೆಂಟು ನಿಮಿಷದ ಆರು ಎಪಿಸೋಡ್. ಕೈಯಲ್ಲಿ ದುಡ್ಡಿಲ್ಲ. ಒಂದು ಕ್ಯಾಮೆರಾ, ಒಂದು ಮೈಕ್, ಎರಡು ಲೈಟು, ಅಷ್ಟೇ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಾಲೀಕರು ಕೀ ನನ್ನ ಕೈಗೆ ಕೊಟ್ಟು ಹೋಗುತ್ತಾರೆ. ಬಾಡಿಗೆ ಕೇಳಿಲ್ಲ. ಬೆಳಿಗ್ಗೆ ಬಂದ ಕೂಡಲೇ ‘ನಿನ್ನೆ ಹೇಗೆ ಬಂತು?’ ಎಂದು ಕೇಳುತ್ತಾರೆ.

ನಮ್ಮ ಸಿರೀಸ್‌ನಲ್ಲಿ ಜಾಸ್ತಿ ನಗು ಬರುವುದು ಮಾಲೀಕನ ಪಾತ್ರಕ್ಕೆ. ಅದು ನಮ್ಮ ಸರ್ ಅವರೇ. ಪುಸ್ತಕ ಮುಟ್ಟುವ ಮುಂಚೆ ಗಿರಾಕಿಗೆ ಕೈ ಒರೆಸಿಕೊಳ್ಳಲು ಬಟ್ಟೆ ಕೊಡುವುದು, ಮಾರಾಟವಾಗದ ಸಂಚಿಕೆಗಳನ್ನು ದಿನಕ್ಕೆ ಮೂರು ಸಲ ಎಣಿಸುವುದು, ಎಲ್ಲ ಇದೆ. ಮೂರನೇ ಎಪಿಸೋಡ್‌ನಲ್ಲಿ ಒಂದು ನಿಜ ಘಟನೆಯೂ ಇದೆ. ಹೈಸ್ಕೂಲಿನಲ್ಲಿದ್ದಾಗ ಅವರು ಕೊಂಡ ಮೊದಲ ಕಾಮಿಕ್ಸ್ ಒಂದು ದಿನ ತಪ್ಪಿ ಮಾರಾಟವಾಗಿಹೋಯಿತು. ಗಿರಾಕಿಯನ್ನು ಹುಡುಕಿಕೊಂಡು ಬೀದಿಯಲ್ಲಿ ಓಡಿದರಂತೆ. ಸಿಗಲಿಲ್ಲ. ಆ ಪುಸ್ತಕ ಅವರಿಗೆ ಏನಾಗಿತ್ತು ಎಂದು ನನಗೆ ಹೇಳಿದ್ದು ಒಂದು ವರ್ಷದ ಮೇಲೆ, ಶಟರ್ ಎಳೆಯುವ ಹೊತ್ತಲ್ಲಿ. ಅದನ್ನು ಮಾರಿದ್ದು ನಾನೇ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಸಿರೀಸ್‌ನಲ್ಲಿ ಅದು ಮಾಲೀಕನ ಮರೆವಿನಿಂದ ಆದ ಹಾಗೆ ತೋರಿಸಿದ್ದೇವೆ. ಅವನು ಓಡುವ ಸೀನ್‌ಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಪಾತ್ರ ಮಾತ್ರ ಕ್ಯಾಮೆರಾ ಕಡೆ ನೋಡಿ ಹುಬ್ಬೇರಿಸುತ್ತದೆ.

ನಾಲ್ಕು ಎಪಿಸೋಡ್ ಮುಗಿದಿವೆ. ಎಡಿಟಿಂಗ್ ಮಾಡುವ ಗೆಳೆಯ, ‘ಎಲ್ಲ ಬಿಡುಗಡೆ ಆದಮೇಲೆ ಹೇಳೋಣ, ಜನ ಮೆಚ್ಚಿದರೆ ಅವರೂ ಖುಷಿಪಡ್ತಾರೆ’ ಎನ್ನುತ್ತಾನೆ. ಈಗಲೇ ಹೇಳಿದರೆ ಕೀ ಹೋಗುತ್ತದೆ, ಕೆಲಸವೂ ಹೋಗಬಹುದು, ಗೆಳೆಯರ ಆರು ತಿಂಗಳ ಶ್ರಮ ನೀರುಪಾಲು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಒಂದು ವಾಕ್ಯದ ಹತ್ತಿರ ನಿಂತುಬಿಟ್ಟೆ. ‘ಅದನ್ನು ಮಾರಿದ್ದು ನಾನೇ’ ಎಂದು ಬರೆದು, ಅಲ್ಲಿ ನಿಲ್ಲದೆ ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಇರಬೇಕು.

ಹೇಳಿಬಿಡಿ. ಐದನೇ ಎಪಿಸೋಡ್ ಶೂಟಿಂಗ್ ಶುರುವಾಗುವ ಮುಂಚೆಯೇ ಹೇಳಿ. ಈಗ ಹೇಳಿದರೆ ಬದಲಾಯಿಸಲು ನಿಮ್ಮ ಕೈಯಲ್ಲಿ ಇನ್ನೂ ಎರಡು ಎಪಿಸೋಡ್ ಇವೆ. ಅವರಿಗೂ ‘ಬೇಡ’ ಎನ್ನಲು ಅವಕಾಶ ಇರುತ್ತದೆ. ಎಲ್ಲ ಮುಗಿದ ಮೇಲೆ ಹೇಳಿದರೆ ಅದು ಬರೀ ಸುದ್ದಿ ಮುಟ್ಟಿಸಿದ ಹಾಗೆ.

ನಿಮ್ಮ ಗೆಳೆಯನ ಮಾತನ್ನು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಅಕ್ಕ ನನ್ನ ಹತ್ತಿರ ಹೇಳಿಕೊಂಡಿದ್ದ ವಿಷಯ ಇಟ್ಟುಕೊಂಡು ಒಂದು ಕಥೆ ಬರೆದೆ. ಅಚ್ಚಾದ ಮೇಲೆ ಓದಲು ಕೊಟ್ಟೆ. ‘ಚೆನ್ನಾಗಿದೆ’ ಅಂದಳು. ಜಗಳ ಆಡಲಿಲ್ಲ. ಆಮೇಲೆ ಬಹಳ ವರ್ಷ ನನ್ನ ಹತ್ತಿರ ಏನನ್ನೂ ಹೇಳಿಕೊಳ್ಳಲಿಲ್ಲ. ಬಿಡುಗಡೆ ಆದಮೇಲೆ ನಿಮ್ಮ ಸರ್ ಕೂಡ ‘ಚೆನ್ನಾಗಿದೆ’ ಅನ್ನಬಹುದು. ಹತ್ತು ಜನರ ಮುಂದೆ ಬೇರೆ ಏನು ಹೇಳುತ್ತಾರೆ ಪಾಪ?

ಹಾಗಂತ ಇಡೀ ಪಾತ್ರವನ್ನೇ ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಕೈ ಒರೆಸುವ ಬಟ್ಟೆ, ಮೂರು ಸಲದ ಎಣಿಕೆ, ಇವೆಲ್ಲ ಅಂಗಡಿಗೆ ಬರುವ ಪ್ರತಿಯೊಬ್ಬರೂ ನೋಡಿರುವಂಥವು. ಅವರಿಗೂ ಅದು ಗೊತ್ತಿರುತ್ತದೆ. ಆ ಓಟದ ಕಥೆ ಹಾಗಲ್ಲ ಅಲ್ವಾ? ಶಟರ್ ಎಳೆಯುವ ಹೊತ್ತಲ್ಲಿ, ನಿಮ್ಮೊಬ್ಬರಿಗೇ ಹೇಳಿದ್ದು. ತಪ್ಪು ಮಾಡಿದ ಹುಡುಗನನ್ನು ಕೆಲಸದಿಂದ ತೆಗೆಯದೆ ಒಂದು ವರ್ಷ ಇಟ್ಟುಕೊಂಡು, ಆಮೇಲೆ ಹೇಳಿದ್ದು.

ಎಣಿಕೆಯ ವಿಷಯ ಬಂತಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಸಿರೀಸ್‌ನಲ್ಲಿ ಅದು ಸುಮ್ನೆ ಒಂದು ಹುಚ್ಚು ಅಭ್ಯಾಸದಂತೆ ಕಾಣುತ್ತಿದ್ದರೆ, ನೀವು ಒಳ್ಳೆಯ ಕಾಮಿಡಿಯೊಂದನ್ನು ಕೈಬಿಡುತ್ತಿದ್ದೀರಿ. ಹಿಂದೆ ಅಮೆರಿಕದ ಪತ್ರಿಕೆ ಅಂಗಡಿಗಳಲ್ಲಿ ಕಾಮಿಕ್ಸ್ ಉಳಿದರೆ ವಾಪಸ್ ಕೊಡಬಹುದಿತ್ತು. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬ ವ್ಯಾಪಾರಿ ಪ್ರಕಾಶಕರ ಜೊತೆ ಬೇರೆ ಥರದ ವ್ಯವಸ್ಥೆ ಮಾಡಿಕೊಂಡರು. ಕಾಮಿಕ್ಸ್ ಅಂಗಡಿಗೆ ಹೆಚ್ಚು ರಿಯಾಯಿತಿ ಸಿಗುತ್ತದೆ, ಆದರೆ ಉಳಿದದ್ದು ವಾಪಸ್ ಹೋಗುವುದಿಲ್ಲ. ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಬೆಳೆದದ್ದೇ ಈ ವ್ಯವಸ್ಥೆಯ ಮೇಲೆ. ಇನ್ನೂ ಬಾರದ ಸಂಚಿಕೆ ಎಷ್ಟು ಹೋಗಬಹುದು ಎಂದು ಮಾಲೀಕ ತಿಂಗಳುಗಳ ಮುಂಚೆಯೇ ಅಂದಾಜು ಮಾಡಿ ಆರ್ಡರ್ ಕೊಡಬೇಕು. ಲೆಕ್ಕ ತಪ್ಪಿದರೆ ಆ ಕಟ್ಟು ಅವನ ಅಂಗಡಿಯಲ್ಲೇ ಕೂರುತ್ತದೆ. ಕೈ ಒರೆಸುವ ಬಟ್ಟೆಯೂ ಸುಮ್ನೆ ಅಲ್ಲ. ಹಳೆಯ ಕಾಮಿಕ್ಸ್ ಅಚ್ಚಾಗಿದ್ದು ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ. ಅದರಲ್ಲಿರುವ ಆಮ್ಲದಿಂದ ಕಾಗದ ತಾನಾಗಿಯೇ ಹಳದಿಯಾಗುತ್ತದೆ, ಮಡಚಿದ ಕಡೆ ಮುರಿಯುತ್ತದೆ. ಒದ್ದೆ ಕೈ, ಎಣ್ಣೆ ಕೈ ಸೋಕಿದರೆ ಅಲ್ಲಿಗೆ ಮುಗಿಯಿತು. ಇದೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೆ ನಿಮ್ಮ ಪಾತ್ರಕ್ಕೆ ಗೊತ್ತಿದೆಯಾ? ಐದನೇ ಎಪಿಸೋಡ್‌ನಲ್ಲಿ ಮುಂದಿನ ತಿಂಗಳ ಆರ್ಡರ್ ಬರೆಯುವ ರಾತ್ರಿಯನ್ನು ತೋರಿಸಿ ನೋಡಿ. ಹತ್ತು ತರಿಸಲಾ, ಹನ್ನೆರಡು ತರಿಸಲಾ ಎಂದು ಒದ್ದಾಡುವ ಮನುಷ್ಯನಿಗೆ ಜನ ನಗುತ್ತಾರೆ. ನಗುತ್ತಲೇ ಅವನ ಪರ ನಿಲ್ಲುತ್ತಾರೆ.

ಕೈಯಲ್ಲಿ ಕಾಸಿಲ್ಲದೆ ಅಂಗಡಿಯಲ್ಲಿ ಕಾಮಿಡಿ ಶೂಟ್ ಮಾಡಿದವರಲ್ಲಿ ನೀವು ಮೊದಲಿಗರಲ್ಲ. ಅಮೆರಿಕದ ನಿರ್ದೇಶಕ ಕೆವಿನ್ ಸ್ಮಿತ್ 1994ರಲ್ಲಿ ತೆರೆಗೆ ತಂದ ‘ಕ್ಲರ್ಕ್ಸ್’ ಚಿತ್ರ ನೆನಪು ಮಾಡಿಕೊಳ್ಳಿ. ಹಗಲು ತಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲೇ ರಾತ್ರಿ ಶೂಟಿಂಗ್. ಆದ ಖರ್ಚು 27,575 ಡಾಲರ್. ಆ ದುಡ್ಡು ಹೊಂದಿಸಲು ತನ್ನ ಕಾಮಿಕ್ಸ್ ಸಂಗ್ರಹವನ್ನೂ ಮಾರಿದರು. ಕಥೆ ನಡೆಯುವುದು ಹಗಲಿನಲ್ಲಿ, ಹೊರಗೆ ನೋಡಿದರೆ ಕತ್ತಲು. ಅದಕ್ಕೇ ಯಾರೋ ಬೀಗಕ್ಕೆ ಚೂಯಿಂಗ್ ಗಮ್ ತುರುಕಿದ್ದಾರೆ, ಶಟರ್ ತೆರೆಯುತ್ತಿಲ್ಲ ಎಂದು ಕಥೆಯಲ್ಲೇ ಸೇರಿಸಿದರು. ಈ ಉಪಾಯ ನನಗೆ ಇವತ್ತಿಗೂ ತುಂಬಾ ಇಷ್ಟ. ಆದರೆ ನಿಮಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಚಿತ್ರದಲ್ಲಿ ಪೇಚಿಗೆ ಸಿಕ್ಕುವವನು ಕೌಂಟರ್ ಹಿಂದೆ ನಿಂತ ಹುಡುಗನೇ. ಬರೆದವರು ಸ್ವತಃ ಅದೇ ಕೌಂಟರ್ ಹಿಂದೆ ನಿಂತು ದುಡಿದವರು.

ನಿಮ್ಮ ಸಿರೀಸ್‌ನಲ್ಲಿ ಹುಬ್ಬೇರಿಸುವ ಹುಡುಗ ಒಂದು ತಪ್ಪೂ ಮಾಡುವುದಿಲ್ಲ. ನನಗೆ ಅವನ ಮೇಲೆ ನಂಬಿಕೆ ಬರುವುದಿಲ್ಲ. ನಿಜವಾಗಿ ನಡೆದದ್ದನ್ನು ಯೋಚಿಸಿ. ಕೆಲಸಕ್ಕೆ ಸೇರಿದ ಹೊಸತು. ಒಂದು ಹಳೆಯ ಸಂಚಿಕೆ ಮಾರಿದ ಹೆಮ್ಮೆ. ಸರ್ ಬಂದ ಕೂಡಲೇ ‘ನೋಡಿ ಸರ್, ಯಾವುದನ್ನ ಮಾರಿದೆ!’ ಎಂದು ಹೇಳಿಯೂ ಇರುತ್ತೀರಿ. ಆಗ ಅವರ ಮುಖ. ಅವರು ಓಡಿದ್ದು, ಹಿಂದೆ ನೀವು ಓಡಿದ್ದು. ನೀವು ಶೂಟ್ ಮಾಡಿದ್ದಕ್ಕಿಂತ ಇದು ಎಷ್ಟೋ ಒಳ್ಳೆಯ ಸೀನ್. ಇದರಲ್ಲಿ ನಗುವೂ ಇದೆ, ಅವರ ಮಾನವೂ ಉಳಿಯುತ್ತದೆ. ಒಂದು ರಾತ್ರಿಯ ಶೂಟಿಂಗ್ ಸಾಕು.

ಇನ್ನು ಹೇಳುವ ರೀತಿ. ತಂಡವನ್ನೆಲ್ಲ ಕರೆದುಕೊಂಡು ಹೋಗಬೇಡಿ. ಟ್ರೇಲರ್ ತೋರಿಸಿ ಮನಸ್ಸು ಕರಗಿಸಲು ನೋಡಬೇಡಿ. ನೀವೊಬ್ಬರೇ ಹೋಗಿ, ಲ್ಯಾಪ್‌ಟಾಪ್ ತೆರೆಯುವ ಮುಂಚೆ ಬಾಯಲ್ಲಿ ಹೇಳಿ: ‘ಸರ್, ಮಾಲೀಕನ ಪಾತ್ರ ನಿಮ್ಮನ್ನು ನೋಡಿ ಬರೆದಿದ್ದು. ನೀವು ನನ್ನ ನಂಬಿ ಹೇಳಿದ ಒಂದು ವಿಷಯವನ್ನು ಕೇಳದೆ ಹಾಕಿದ್ದೇನೆ. ತಪ್ಪು ನಂದು, ಅದನ್ನ ನಿಮ್ಮ ಮೇಲೆ ಹಾಕಿದ್ದೇನೆ.’ ಆಮೇಲೆ ನಾಲ್ಕೂ ಎಪಿಸೋಡ್ ತೋರಿಸಿ. ಅವರು ನೋಡುವಾಗ ಮಧ್ಯೆ ಮಾತಾಡಬೇಡಿ. ‘ಇಲ್ಲಿ ನಗು ಬರುತ್ತೆ ಸರ್’ ಎಂದಂತೂ ಹೇಳಲೇಬೇಡಿ. ಅವರು ನಕ್ಕುಬಿಟ್ಟರೂ ಅದನ್ನೇ ಒಪ್ಪಿಗೆ ಅಂದುಕೊಳ್ಳಬೇಡಿ. ಮೂರನೇ ಎಪಿಸೋಡ್ ಬಗ್ಗೆ ಪ್ರತ್ಯೇಕವಾಗಿ ಕೇಳಿ. ಯೋಚಿಸಲು ಒಂದೆರಡು ದಿನ ಬಿಡಿ.

ಆ ಕಥೆಯೇ ಬೇಡ ಎಂದರೆ, ನಾನು ಹೇಳಿದ ಹೊಸ ಸೀನ್ ಕೂಡ ಬೇಡ. ಪೂರ್ತಿ ತೆಗೆದುಬಿಡಿ, ವಾದ ಮಾಡಬೇಡಿ. ಮೂರನೇ ಎಪಿಸೋಡ್ ಐದು ನಿಮಿಷಕ್ಕೆ ಇಳಿದರೂ ನಡೆಯುತ್ತದೆ. ಇಡೀ ಸಿರೀಸೇ ಬೇಡ ಎಂದು ಸಿಟ್ಟಾದರೆ ಕಷ್ಟ, ಹೌದು. ಆಗಲೂ ಸ್ಕ್ರಿಪ್ಟ್ ನಿಮ್ಮದು. ಪಾತ್ರ ಬದಲಿಸಿ ಬೇರೆ ಜಾಗದಲ್ಲಿ ಮಾಡಬಹುದು. ಅಮೆರಿಕದ ನಟಿ ಫೆಲಿಸಿಯಾ ಡೇ 2007ರಲ್ಲಿ ‘ದಿ ಗಿಲ್ಡ್’ ಎಂಬ ವೆಬ್ ಸಿರೀಸ್ ಶುರು ಮಾಡಿದಾಗ ಶೂಟಿಂಗಿಗೆ ತಮ್ಮ ಮನೆಯನ್ನೇ ಬಳಸಿಕೊಂಡರು. ಮೊದಲ ಕೆಲವು ಎಪಿಸೋಡ್ ನೋಡಿದ ಜನರೇ ಮುಂದಿನವಕ್ಕೆ ದುಡ್ಡು ಕಳಿಸಿದರು. ಅವರು ಬರೆದದ್ದೂ ತಮ್ಮದೇ ಆನ್‌ಲೈನ್ ಗೇಮ್ ಹುಚ್ಚಿನ ಅನುಭವದಿಂದ. ಕೆಲಸ ಹೋಗುವ ಭಯ ಇದೆ ಎಂದಿದ್ದೀರಿ. ತಾವು ಜೋಪಾನ ಮಾಡಿದ್ದ ಪುಸ್ತಕ ಹೋದಾಗಲೂ ನಿಮ್ಮನ್ನು ಇಟ್ಟುಕೊಂಡವರು ಅವರು. ನೀವೇ ಬಂದು ಹೇಳಿದ್ದಕ್ಕೆ ತೆಗೆಯುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ.

ಗೆಳೆಯರಿಗೆ ಒಂದು ದಿನ ಮುಂಚೆ ತಿಳಿಸಿ. ಕೂಲಿ ಇಲ್ಲದೆ ಆರು ತಿಂಗಳು ದುಡಿದಿದ್ದಾರೆ, ಅವರಿಗೆ ಸಿಟ್ಟು ಬಂದರೆ ಕೇಳಿಸಿಕೊಳ್ಳಿ. ಆದರೆ ಹೇಳುವುದೋ ಬೇಡವೋ ಎಂದು ಅವರ ಹತ್ತಿರ ಓಟು ಹಾಕಿಸಬೇಡಿ. ಸರ್ ನಂಬಿದ್ದು ನಿಮ್ಮನ್ನು. ಅವರು ಒಪ್ಪಿದರೆ ಅಂಗಡಿ ಬಳಸಿಕೊಳ್ಳಲು ಒಪ್ಪಿಗೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ಕೊನೆಯಲ್ಲಿ ಅವರ ಹೆಸರು ಹಾಕಲೇ ಬೇಡವೇ ಎಂದೂ ಕೇಳಿ. ಶೆಲ್ಫ್‌ನಲ್ಲಿ ಎದ್ದು ಕಾಣುವ ಮುಖಪುಟಗಳ ಕಡೆಗೂ ಗಮನ ಇರಲಿ, ಆ ಚಿತ್ರಗಳ ಹಕ್ಕು ಬೇರೆಯವರದು. ಹತ್ತಿರದ ಶಾಟ್‌ಗಳಿಗೆ ನೀವೇ ಬರೆದ ಸುಳ್ಳು ಮುಖಪುಟ ಇಟ್ಟರೆ ತೊಂದರೆ ಇಲ್ಲ, ತಮಾಷೆಯೂ ಸಿಗುತ್ತದೆ.

ನಾಳೆ ಬೆಳಿಗ್ಗೆ ‘ನಿನ್ನೆ ಹೇಗೆ ಬಂತು?’ ಎಂದು ಕೇಳಿದಾಗ, ‘ಸಂಜೆ ಒಂದು ಗಂಟೆ ಇರ್ತೀರಾ ಸರ್, ಮಾತಾಡಬೇಕು’ ಅನ್ನಿ. ಆ ಸಂಜೆ ಅವರು ಕೀ ಕೊಡಲು ಕೈ ಚಾಚುವ ಮುಂಚೆಯೇ ಮಾತು ಶುರು ಮಾಡಿ.