ಸುಟ್ಟಮಣ್ಣಿನ ಕಟಾಂಜನ ಉದುರುತ್ತಿದೆ, ಯಾವ ಸೀಲರ್ ಬಳಿಯಲಿ?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮ ಅಜ್ಜ ಕಟ್ಟಿಸಿದ ಹೆಂಚಿನ ಮನೆಯಿದೆ. ಜಗಲಿ ಕಟಾಂಜನದ ಗಿಡ್ಡ ಕಂಬಗಳು, ಗಾಳಿಕಿಂಡಿಯ ಜಾಲರಿ ಎಲ್ಲ ಸುಟ್ಟಮಣ್ಣಿನವು. ಎರಡು ವರ್ಷದ ಹಿಂದೆ ಒಡೆದಲ್ಲಿ ಸಿಮೆಂಟ್ ಮೆತ್ತಿಸಿ ವಾಟರ್‌ಪ್ರೂಫ್ ಬಣ್ಣ ಹೊಡೆಸಿದೆವು. ಈಗ ಸಿಮೆಂಟ್ ಗಟ್ಟಿಯಾಗಿಯೇ ಇದೆ, ಸುತ್ತಲಿನ ಮಣ್ಣು ಪದರ ಪದರವಾಗಿ ಉದುರುತ್ತಿದೆ. ನೀರು ಇಳಿಯದಂತೆ ಬಳಿಯುವ ಒಳ್ಳೆಯ ಸೀಲರ್ ಯಾವುದು? ಇಲ್ಲಾ, ಎಲ್ಲ ಕಿತ್ತು ಸಿಮೆಂಟ್ ಕಂಬ ಕೂರಿಸುವುದೇ?

ಉತ್ತರ: ಎರಡೂ ಬೇಡ. ನಿಮ್ಮ ಕಂಬಗಳನ್ನು ತಿನ್ನುತ್ತಿರುವುದು ಉಪ್ಪು. ಕಡಲಗಾಳಿ ತಂದ ಉಪ್ಪು ನೀರಿನೊಡನೆ ಮಣ್ಣಿನೊಳಗೆ ಇಳಿಯುತ್ತದೆ. ಗಾಳಿಯ ತೇವ ಸುಮಾರು 75%ಗಿಂತ ಕೆಳಗಿಳಿದಾಗ ಹರಳುಗಟ್ಟುತ್ತದೆ, ಮೇಲೇರಿದರೆ ಮತ್ತೆ ಕರಗುತ್ತದೆ. ಬಣ್ಣವಿಲ್ಲದಿದ್ದರೆ ಹರಳು ಮೇಲ್ಮೈಯಲ್ಲಿ ಬೂದಿಯಂತೆ ಕೂತು ಮಳೆಗೆ ತೊಳೆದುಹೋಗುತ್ತಿತ್ತು. ಈಗ ಬಣ್ಣದ ಹಿಂದೆಯೇ ಹರಳಾಗಿ ಮಣ್ಣನ್ನು ಸೀಳುತ್ತಿದೆ. ಸಿಮೆಂಟಿನಿಂದ ನೀರು ಸುಲಭವಾಗಿ ಆರುವುದಿಲ್ಲ, ಹಾಗಾಗಿ ಅದರ ಅಂಚಿನ ಮಣ್ಣೇ ಎಲ್ಲ ತೇವವನ್ನೂ ಹೊರಬೇಕು. ಸೀಲರ್ ಹಾಕಿದರೆ ಇದೇ ಕಥೆ ಇನ್ನೊಂದು ಸುತ್ತು.

ಮೊದಲು ಮೇಲೆ ನೋಡಿ. ಸೂರಿನ ನೀರು ಕಟಾಂಜನಕ್ಕೆ ಸಿಡಿಯುತ್ತಿದ್ದರೆ ದಂಬೆ (ಸೂರಿನಂಚಿನ ನೀರು ಹರಿಯುವ ದೋಣಿ) ಸರಿಪಡಿಸದೆ ಬೇರೆ ಕೆಲಸಕ್ಕೆ ದುಡ್ಡು ಹಾಕಬೇಡಿ. ಆಮೇಲಿನದು ದೀಪಾವಳಿ ಕಳೆದ ಮೇಲೆ. ಸಿಮೆಂಟನ್ನು ಸಣ್ಣ ಉಳಿಯಿಂದ ಕೈಯಲ್ಲೇ ಬಿಡಿಸಲಿ. ಕಂಬವೇ ಒಡೆಯುವಂತಿದ್ದರೆ ಅಲ್ಲಿ ಬಿಟ್ಟುಬಿಡಿ. ಬಣ್ಣಕ್ಕೆ ಪೇಂಟ್ ರಿಮೂವರ್ ಜೆಲ್, ಅದೂ ಮರೆಯ ಮೂಲೆಯಲ್ಲಿ ಪರೀಕ್ಷಿಸಿ. ಆಸಿಡ್, ತಂತಿ ಬ್ರಷ್, ಪ್ರೆಷರ್ ವಾಷರ್ ಹತ್ತಿರ ತರಬೇಡಿ: ಬೆಂಕಿಯಲ್ಲಿ ಗಟ್ಟಿಯಾದ ಹೊರಚರ್ಮ ಹೋದರೆ ಒಳಗಿನ ಮೆತ್ತನೆ ಮಣ್ಣಿಗೆ ರಕ್ಷಣೆಯಿಲ್ಲ.

ಉಪ್ಪು ತೆಗೆಯುವ ಉಪಾಯ ಸರಳ, ತಾಳ್ಮೆ ಬೇಕು ಅಷ್ಟೆ. ಕಾಗದದ ತಿರುಳು, ಬಿಳಿ ಜೇಡಿಮಣ್ಣನ್ನು ಡಿಸ್ಟಿಲ್ಡ್ ನೀರಲ್ಲಿ ಕಲಸಿ (ಕಡಲಂಚಿನ ಬಾವಿ ನೀರು ಬೇಡ) ಎರಡು ಸೆಂಟಿಮೀಟರ್ ದಪ್ಪ ಮೆತ್ತಿ. ಪುಡಿಯಾಗುವ ಜಾಗಕ್ಕೆ ಮೊದಲು ತೆಳು ಟಿಶ್ಯೂ ಅಂಟಿಸಿ. ಪೂರ್ತಿ ಒಣಗಿದ ಮೇಲೆ ಸುಲಿಯಿರಿ. ಸುಲಿದದ್ದನ್ನು ಒಂದೇ ಅಳತೆಯ ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ವಾಟರ್ ಫಿಲ್ಟರ್‌ನವರು ಬಳಸುವ, ನೀರಲ್ಲಿ ಕರಗಿದ ಉಪ್ಪು ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಅದ್ದಿ. ಅಂಕಿ ಇಳಿಯುವುದು ನಿಲ್ಲುವವರೆಗೆ ಹೊಸದಾಗಿ ಮೆತ್ತುತ್ತಿರಿ.

ಒಡೆದ ಜಾಗ ತುಂಬಲು ಒಂದು ಪಾಲು ನೆನೆಸಿದ ಸುಣ್ಣ, ಒಂದು ಪಾಲು ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ, ಎರಡು ಪಾಲು ಹೊಳೆ ಮರಳು. ಸಮುದ್ರದ ಮರಳು ಹಾಕಿದರೆ ತೆಗೆದ ಉಪ್ಪನ್ನೇ ವಾಪಸು ಕೊಟ್ಟಂತೆ. ಒಂದು ವಾರ ಒದ್ದೆ ಗೋಣಿ ಹೊದಿಸಿ. ನೂಲೆಳೆಯಂಥ ಬಿರುಕಿಗೆ ಏನೂ ಬೇಡ. ಆದರೆ ಬಿರುಕು ನೆಟ್ಟಗಿದ್ದು ಕಂದು ಕಲೆ ಇಳಿದಿದ್ದರೆ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಊದಿದೆ. ಅದನ್ನು ತೆಗೆದು, ಉಪ್ಪುಗಾಳಿಗೂ ಸುಲಭವಾಗಿ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸರಳು ಹಾಕಲೇಬೇಕು.

ಯಾವ ಕಂಬ ಉಳಿಸಬಹುದೆಂದು ತಿಳಿಯಲು ಪ್ರತಿಯೊಂದನ್ನೂ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿಟ್ಟುಕೊಂಡಿದೆ. ನನ್ನ ಮಟ್ಟಿಗೆ, ತೀರಾ ಶಿಥಿಲವಾದವನ್ನು ಮಾತ್ರ ಬದಲಿಸಿ, ಅವೂ ಸುಟ್ಟಮಣ್ಣಿನವೇ ಇರಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಗೆಲ್ಲ ಹಬ್ಬಿದ ಕಸುಬು ಇದು. ಬಿಚ್ಚಿದ ತುಂಡಿನ ಮೇಲೆ ಕಾರ್ಖಾನೆಯ ಮುದ್ರೆಯಿದ್ದರೆ ಫೋಟೊ ತೆಗೆದಿಡಿ. ಹೊಸದಕ್ಕೆ ಹಳೆ ಕಂಬದಿಂದ ನೇರವಾಗಿ ಅಚ್ಚು ತೆಗೆಯಲು ಬಿಡಬೇಡಿ. ಜೇಡಿ ಒಣಗಿ ಬೇಯುವಷ್ಟರಲ್ಲಿ ಒಂದು ಅಡಿ ಉದ್ದಕ್ಕೆ ಸುಮಾರು ಒಂದಂಗುಲ ಕುಗ್ಗುತ್ತದೆ. ಕುಂಬಾರರು ತಮ್ಮ ಮಣ್ಣಿನ ಕುಗ್ಗು ಎಷ್ಟೆಂದು ಒಂದು ತುಂಡು ಸುಟ್ಟು ನೋಡಿ, ಅಷ್ಟು ದೊಡ್ಡ ಅಚ್ಚು ಮಾಡಲಿ.