ಕೂಲರ್ ಎತ್ತಿಟ್ಟ ಮೇಲೂ 214 ಯೂನಿಟ್ ಯಾಕೆ?

ಪ್ರಶ್ನೆ: ನಮ್ಮದು ರಾಯಚೂರು. ಮನೆಯಲ್ಲಿ ನಾಲ್ಕು ಜನ. ಎಸಿ ಇಲ್ಲ. ಫ್ರಿಜ್, ಟಿವಿ, ಫ್ಯಾನ್, 1 ಎಚ್‌ಪಿ ನೀರಿನ ಮೋಟರ್, ಐದು ವರ್ಷದ ಇನ್ವರ್ಟರ್ ಇವೆ. ತಿಂಗಳಿಗೆ 140 ಯೂನಿಟ್ ಆಸುಪಾಸು ಇರುತ್ತಿತ್ತು, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಕೂಲರ್ ಎತ್ತಿಟ್ಟು ಎರಡು ತಿಂಗಳಾಯ್ತು. ಆದರೂ ಈ ಸಲ 214 ಯೂನಿಟ್ ಬಂದು ಪೂರ್ತಿ ಬಿಲ್ ಕಟ್ಟಿದೆವು. ಮೀಟರೇ ಕೆಟ್ಟಿದೆಯಾ?

ಉತ್ತರ: ಗಾಬರಿ ಬೇಡ. 200 ದಾಟಿದ್ದಕ್ಕೆ ಪೂರ್ತಿ ಬಿಲ್ ಬಂದಿದೆ. 200ರ ಒಳಗೆ ಇಳಿದರೆ ನಿಮಗೆ ಗೊತ್ತುಮಾಡಿದ ಉಚಿತ ಯೂನಿಟ್‌ಗಿಂತ ಜಾಸ್ತಿ ಬಳಸಿದ್ದಕ್ಕಷ್ಟೇ ದುಡ್ಡು. ಮೊದಲು ಬಿಲ್ ಎಷ್ಟು ದಿನದ್ದು, ರೀಡಿಂಗ್ ಸರಿಯಾಗಿ ಬರೆದಿದ್ದಾರಾ ನೋಡಿಕೊಳ್ಳಿ.

ಅದು ಸರಿ ಇದ್ದರೆ ಒಂದು ಸಣ್ಣ ಲೆಕ್ಕ ಹಾಕೋಣ. ಜಾಸ್ತಿ ಆಗಿದ್ದು 74 ಯೂನಿಟ್, ಅಂದರೆ ದಿನಕ್ಕೆ ಸುಮಾರು ಎರಡೂವರೆ. ಹಗಲು ರಾತ್ರಿ ಆರದೆ ಉರಿಯುವ ಒಂದು 100 ವ್ಯಾಟ್ ಬಲ್ಬ್ ಇಷ್ಟು ತಿನ್ನುತ್ತದೆ. ಇಲ್ಲವೇ ನಿಮ್ಮ ಮೋಟರ್ ದಿನಾ ಎರಡು ಗಂಟೆಗೂ ಮೇಲೆ ಜಾಸ್ತಿ ಓಡಬೇಕು. ಹಳೇ ಇನ್ವರ್ಟರ್ ಬ್ಯಾಟರಿಯೂ ಆ ಬಲ್ಬ್ ಹಾಗೆ ಸದಾ ಕರೆಂಟ್ ತಿನ್ನಬಹುದು. ನನಗೆ ಅನುಮಾನ ಇರುವುದು ಇನ್ವರ್ಟರ್, ಮೋಟರ್ ಈ ಎರಡರ ಮೇಲೇ.

ರಾತ್ರಿ ಮೀಟರ್ ಮುಂದೆ ಹತ್ತು ನಿಮಿಷ ನಿಲ್ಲಿ. ಅದರಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಯೂನಿಟ್‌ಗೆ ಎಷ್ಟು ಮಿಣುಕು ಅಂತ ಮೀಟರ್ ಮೇಲೇ ಬರೆದಿರುತ್ತದೆ, ಎಷ್ಟೋ ಮೀಟರ್‌ಗಳಲ್ಲಿ 3200. ಫ್ಯಾನ್, ಲೈಟ್, ಫ್ರಿಜ್, ಟಿವಿ ಎಲ್ಲ ಬಂದ್ ಮಾಡಿ, ಸೆಟ್‌ಟಾಪ್ ಬಾಕ್ಸ್ ಪ್ಲಗ್ಗನ್ನೂ ಕೀಳಿ. ಇನ್ವರ್ಟರ್ ಒಂದನ್ನೇ ಬಿಡಿ. ಹಿಂದಿನ ದಿನವೆಲ್ಲ ಕರೆಂಟ್ ಇದ್ದು ಬ್ಯಾಟರಿ ತುಂಬಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ಮಿಣುಕು ಬಹಳ ನಿಧಾನ. 3200ರ ಮೀಟರ್‌ನಲ್ಲಿ ಹನ್ನೊಂದು ಸೆಕೆಂಡಿಗೊಮ್ಮೆ ಮಿಣುಕಿದರೆ ಆ 100 ವ್ಯಾಟ್ ಕಳ್ಳ ಸಿಕ್ಕಿದ ಹಾಗೆ! ಹಳೇ ಬ್ಯಾಟರಿ ಎಷ್ಟು ಚಾರ್ಜ್ ಕೊಟ್ಟರೂ ತುಂಬುವುದಿಲ್ಲ, ಸುಮ್ನೆ ಬಿಸಿಯಾಗುತ್ತಲೇ ಇರುತ್ತದೆ. ಮೈ ಮುಟ್ಟಿದರೆ ಬೆಚ್ಚಗಿರುತ್ತದೆ, ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಇಳಿಯುತ್ತದೆ. ಹಾಗಿದ್ದರೆ ಬ್ಯಾಟರಿ ಬದಲಿಸಿ.

ಇನ್ವರ್ಟರ್ ಪ್ಲಗ್ಗನ್ನೂ ಕಿತ್ತ ಮೇಲೆ ದೀಪ ಮಿಣುಕುತ್ತಲೇ ಇದ್ದರೆ ಮೇನ್ ಸ್ವಿಚ್ ಆಫ್ ಮಾಡಿ. ಆಗ ನಿಂತರೆ ಮನೆಯೊಳಗಿನ ವೈರಿಂಗ್‌ನಲ್ಲಿ ಕರೆಂಟ್ ಸೋರಿಕೆ ಇರಬಹುದು. ಇದನ್ನು ನಾಳೆ ನೋಡೋಣ ಅಂತ ಬಿಡಬೇಡಿ, ದಯವಿಟ್ಟು. ಒದ್ದೆ ಗೋಡೆ, ಮೋಟರ್ ಬಾಡಿ ಮುಟ್ಟಿದ ಮಕ್ಕಳಿಗೆ ಶಾಕ್ ಹೊಡೆಯುವುದು ಇಂಥ ಸೋರಿಕೆಯಿಂದಲೇ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ.

ಇನ್ನು ಮೋಟರ್. ಟ್ಯಾಂಕ್ ತುಂಬಿಸಲು ಮೊದಲು ಎಷ್ಟು ನಿಮಿಷ ಬೇಕಿತ್ತು, ಈಗೆಷ್ಟು? ಜಾಸ್ತಿ ಹೊತ್ತು ಹಿಡಿದರೆ ಫುಟ್‌ವಾಲ್ವ್ (ನೀರೊಳಗಿನ ಪೈಪ್ ತುದಿಯ ವಾಲ್ವ್) ಅಥವಾ ಪೈಪ್ ನೋಡಿಸಿ. ಅಷ್ಟೇ ಹೊತ್ತು, ಆದರೆ ದಿನಕ್ಕೆ ಎರಡು ಮೂರು ಸಲ ಹಾಕುತ್ತಿದ್ದೀರಾದರೆ ನೀರು ಎಲ್ಲೋ ಸೋರುತ್ತಿದೆ. ನಳ ತೊಟ್ಟಿಕ್ಕಿದರೆ ಕಣ್ಣಿಗೆ ಕಾಣುತ್ತದೆ, ಫ್ಲಶ್ ಟ್ಯಾಂಕ್ ಸೋರಿದರೆ ಕಾಣುವುದಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಅದರಲ್ಲಿ ನಾಲ್ಕು ಹನಿ ಬಿಡಿ. ಅರ್ಧ ಗಂಟೆ ಯಾರೂ ಬಳಸದಿದ್ದರೂ ಕಮೋಡ್‌ನಲ್ಲಿ ನೀಲಿ ಕಂಡರೆ ಒಳಗಿನ ವಾಷರ್ ಹೋಗಿದೆ. ಅದನ್ನು ಬದಲಿಸಲು ಜಾಸ್ತಿ ಖರ್ಚಿಲ್ಲ, ಆದರೆ ಅದು ಹೋದಾಗ ಮೋಟರ್ ರಾತ್ರಿಯೆಲ್ಲ ಸೋರಿದ ನೀರನ್ನು ಬೆಳಗ್ಗೆ ಮತ್ತೆ ಮೇಲೆ ಎತ್ತಬೇಕು.

ಫ್ರಿಜ್ ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಸಡಿಲ, ತಂಪು ಹೊರಗೆ ಹೋಗಿ ಕರೆಂಟ್ ಜಾಸ್ತಿ ತಿನ್ನುತ್ತದೆ.

ಮೇನ್ ಆಫ್ ಆಗಿದ್ದರೂ ದೀಪ ಮಿಣುಕಿದರೆ ನಿಮ್ಮ ಅನುಮಾನ ಸರಿ ಇರಬಹುದು. ಮೀಟರ್ ಕೆಟ್ಟಿರಬಹುದು, ಇಲ್ಲವೇ ಮೇನ್‌ಗಿಂತ ಮೊದಲೇ ಯಾರೋ ವೈರ್ ಎಳೆದಿರಬಹುದು. ಆಗ ದಿನಾ ಒಂದೇ ಹೊತ್ತಿಗೆ ಒಂದು ವಾರ ರೀಡಿಂಗ್ ಬರೆದಿಟ್ಟು, ಆ ಹಾಳೆಯನ್ನೂ ಲಗತ್ತಿಸಿ ಮೀಟರ್ ಪರೀಕ್ಷೆಗೆ ಜೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಡಿ.