ಜ್ವರ ಬಂದವರು ಯಾಕೆ ಮೂಲೆ ಹಿಡಿಯುತ್ತಾರೆ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಕಬ್ಬಿನ ಗದ್ದೆ ಕೆಲಸ. ಹೋದ ವಾರ ವೈರಲ್ ಜ್ವರ ಬಂತು. ಡೆಂಗಿ ಅಲ್ಲ ಅಂದರು. ಜ್ವರ ಬಿಟ್ಟರೂ ಗೋಡೆ ಕಡೆ ತಿರುಗಿ ಮಲಗಿರುತ್ತಾರೆ. ಮುದ್ದೆ ಮುಟ್ಟಲ್ಲ. ಮೊಮ್ಮಗಳು ಹತ್ತಿರ ಹೋದರೂ ರೇಗುತ್ತಾರೆ. ಅತ್ತೆ ದೃಷ್ಟಿ ತೆಗೀಬೇಕು ಅಂತಾರೆ, ಮೈದುನ ಸುಮ್ನೆ ನಾಟಕ ಅಂತಾನೆ. ಮೆಡಿಕಲ್ ಸ್ಟೋರ್‌ನಲ್ಲಿ ಕೊಟ್ಟ ಒಂದು ಮಾತ್ರೆ ನುಂಗಿದ ದಿನ ಮಾತ್ರ ಗೆಲುವಾಗಿದ್ದರು. ಅದು ಸ್ಟೆರಾಯ್ಡ್ ಅಂತೆ. ಮುಂದುವರಿಸಬಹುದಾ?
– ಒಬ್ಬ ಓದುಗರು, ಮದ್ದೂರು

ಉತ್ತರ: ನಾಟಕ ಅಲ್ಲವೇ ಅಲ್ಲ. ಇದನ್ನು ನಿಮ್ಮ ಮೈದುನನಿಗೂ ಓದಿ ಹೇಳಿ.

ರೋಗಾಣು ಮೈಗೆ ಹೊಕ್ಕಾಗ ರಕ್ಷಣೆಗೆ ನಿಂತ ಜೀವಕೋಶಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಇಂಟರ್‌ಲ್ಯೂಕಿನ್-1 ಅವುಗಳಲ್ಲಿ ಮುಖ್ಯವಾದದ್ದು. ಈ ಸುದ್ದಿ ರಕ್ತದ ಮೂಲಕವೂ ಎದೆ-ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರದ ಮೂಲಕವೂ ಮಿದುಳಿಗೆ ಮುಟ್ಟುತ್ತದೆ. ಅಲ್ಲಿರುವ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ತಾವೂ ಸೈಟೊಕೈನ್ ಬಿಡುತ್ತವೆ. ಆಗ ಹಸಿವು ಸಾಯುತ್ತದೆ, ನಿದ್ದೆ ಎಳೆಯುತ್ತದೆ, ಯಾರ ಸಹವಾಸವೂ ಬೇಡ ಅನಿಸುತ್ತದೆ. ವೈರಸ್ ಮಿದುಳಿಗೆ ಹೋಗಲೇಬೇಕೆಂದಿಲ್ಲ. ಆರೋಗ್ಯವಾಗಿರುವ ಇಲಿಗೆ ಬರೀ ಇಂಟರ್‌ಲ್ಯೂಕಿನ್-1 ಚುಚ್ಚಿದರೂ ಅದು ಮೇವು ಬಿಟ್ಟು ಮುದುರಿ ಕೂರುತ್ತದೆ.

ಇದು ಬರೀ ನಿಶ್ಶಕ್ತಿಯಲ್ಲ, ಜ್ವರಕ್ಕೆ ಬೇಕಾದ ಶಕ್ತಿ ಉಳಿಸಲು ದೇಹವೇ ಮಾಡಿಕೊಂಡ ಏರ್ಪಾಟು ಎಂದು ಅಮೆರಿಕದ ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲೇ ವಾದಿಸಿದರು. ಪಶುವೈದ್ಯರಿಗೆ ಮೊದಲು ಹೊಳೆದದ್ದು ನನಗೆ ಆಶ್ಚರ್ಯವಲ್ಲ. ಹಸು ಹುಲ್ಲು ಬಿಟ್ಟು ಮಂಕಾಗಿ ನಿಂತರೆ ಡಾಕ್ಟರನ್ನು ಕರೆಸುತ್ತೇವೆ. ಮನುಷ್ಯ ಹಾಗೆ ಮಾಡಿದರೆ ಸೋಮಾರಿ ಅಂತೇವೆ, ಅಲ್ವಾ?

ಈಗ ಮಾತ್ರೆ ವಿಷಯ. ಅದೇ ಇಂಟರ್‌ಲ್ಯೂಕಿನ್-1 ಮಿದುಳಿನ ಹೈಪೊಥಾಲಮಸ್ ಎಂಬ ಭಾಗವನ್ನೂ ತಟ್ಟುತ್ತದೆ. ಇದನ್ನು 1987ರಲ್ಲಿ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಹೈಪೊಥಾಲಮಸ್ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ. ಅಲ್ಲಿಂದ ಕಾರ್ಟಿಸಾಲ್ ಬರುತ್ತದೆ. ಎಲ್ಲರೂ ಇದನ್ನು ಟೆನ್ಷನ್ ಹಾರ್ಮೋನ್ ಅಂತಲೇ ಬೈಯುತ್ತಾರೆ. ಸೋಂಕಿನ ಹೊತ್ತಲ್ಲಿ ಮಾತ್ರ ಇದೇ ಬ್ರೇಕು: ಸೈಟೊಕೈನ್ ಮಿತಿ ಮೀರದಂತೆ ತಡೆಯುತ್ತದೆ. ಅಡ್ರಿನಲ್ ತೆಗೆದ ಇಲಿಗಳು ಸಣ್ಣ ಪ್ರಮಾಣದ ಸೈಟೊಕೈನನ್ನೂ ತಡೆದುಕೊಳ್ಳಲಾರದೆ ಸಾಯುತ್ತವೆ.

ಸ್ಟೆರಾಯ್ಡ್ ಮಾತ್ರೆ ಈ ಕಾರ್ಟಿಸಾಲ್‌ನ ದಾಯಾದಿ. ಅದಕ್ಕೇ ಅವತ್ತು ಗೆಲುವಾಗಿದ್ದರು. ಆದರೆ ಅದು ರೋಗದ ವಿರುದ್ಧದ ಹೋರಾಟವನ್ನೂ ತಗ್ಗಿಸುತ್ತದೆ, ಸಕ್ಕರೆ ಏರಿಸುತ್ತದೆ. ವಾರಗಟ್ಟಲೆ ನುಂಗಿದರೆ ಅಡ್ರಿನಲ್ ತನ್ನ ಕೆಲಸವನ್ನೇ ಬಿಡುತ್ತದೆ. ಆಮೇಲೆ ತಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಅವರು ನುಂಗಿದ್ದು ಒಂದೇ ಅಂದಿರಿ. ಅಲ್ಲಿಗೇ ಬಿಡಿ. ಗಂಜಿ, ಮಜ್ಜಿಗೆ, ತಿಳಿ ಸಾರು ಕೊಡಿ. ಮುದ್ದೆಗೆ ಬಲವಂತ ಬೇಡ. ಮಲಗಲು ಬಿಡಿ.

ಆದರೆ ಗುರುತು ಹಿಡಿಯದೆ ತಡವರಿಸಿದರೆ, ಕುತ್ತಿಗೆ ಬಿಗಿದರೆ, ಫಿಟ್ಸ್ ಬಂದರೆ, ವಾಂತಿ ನಿಲ್ಲದಿದ್ದರೆ ತಡ ಮಾಡದೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಕರೆದೊಯ್ಯಿರಿ. ಎರಡು ವಾರವಾದರೂ ಮಂಕು ಹೋಗದಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರಂತೂ ಅವತ್ತೇ, ವೈದ್ಯರನ್ನು ಕಾಣಿ.

ಪ್ರಶ್ನೆ: ನ್ಯುಮೋನಿಯಾ ಆಗಿ ಅಡ್ಮಿಟ್ ಆಗಿದ್ದಾಗ ಕಾರ್ಟಿಸಾಲ್ ಜಾಸ್ತಿ ಬಂತು. ನನಗೆ ಟೆನ್ಷನ್ ಜಾಸ್ತಿನಾ?
– ಕುವೆಂಪುನಗರ, ಮೈಸೂರು

ಉತ್ತರ: ಅಷ್ಟಕ್ಕೇ ಹಾಗೆ ಹೇಳಲಾಗದು. ನ್ಯುಮೋನಿಯಾದಲ್ಲಿ ಅದು ಏರಲೇಬೇಕು. ಕಡಿಮೆ ಬಂದಿದ್ದರೆ ನಾನು ಹೆದರುತ್ತಿದ್ದೆ. ಪೂರ್ತಿ ಗುಣವಾದ ಮೇಲೆ, ನಿಮ್ಮ ವೈದ್ಯರು ಬೇಕೆಂದರೆ, ಬೆಳಗ್ಗೆ ಎಂಟರ ಸುಮಾರಿಗೆ ರಕ್ತ ಕೊಡಿ. ಕಾರ್ಟಿಸಾಲ್ ಬೆಳಗ್ಗೆ ಹೆಚ್ಚು, ರಾತ್ರಿ ಕಡಿಮೆ. ಸಂಜೆ ಕೊಟ್ಟ ರಕ್ತವನ್ನು ಬೆಳಗಿನ ಲೆಕ್ಕಕ್ಕೆ ಹೋಲಿಸಿದರೆ ಮತ್ತೆ ಗೊಂದಲವೇ.